ಕಂಪನಿಯ ದುಡ್ಡು, ವಿಶ್ವವಿದ್ಯಾಲಯದ ಹೊಲ

ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹಸಿರು ಹುಳು ಬೀಳುತ್ತದೆ. ಔಷಧ ಹೊಡೆದು ಹೊಡೆದು ಕೈಸೋತ ಕಲಬುರಗಿ ಸೀಮೆಯ ರೈತರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಸಾಲುಗಳ ನಡುವೆ ಇಬ್ಬರು ಪ್ಲಾಸ್ಟಿಕ್ ಹಾಳೆ ಹಿಡಿದು ನಡೆಯುವುದು, ಇನ್ನೊಬ್ಬರು ಗಿಡದ ಬುಡಕ್ಕಿಂತ ಸ್ವಲ್ಪ ಮೇಲೆ ಕೈಹಾಕಿ ಮೆಲ್ಲಗೆ ಜಾಡಿಸುವುದು. ಹುಳುಗಳು ಪಟಪಟ ಹಾಳೆಯ ಮೇಲೆ ಉದುರುತ್ತವೆ. ಹಾಳೆ ಮಡಚಿ ಬದುವಿಗೆ ತಂದು ಸುರಿದರೆ ಕೋಳಿಗಳಿಗೆ ಹಬ್ಬ. ಹೈದರಾಬಾದಿನ ಪಕ್ಕದ ಇಕ್ರಿಸ್ಯಾಟ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಈ ಪದ್ಧತಿಯನ್ನು ಪರೀಕ್ಷೆಗೆ ಹಚ್ಚಿತು. ಗಿಡ ಜಾಡಿಸಿದರೆ ಕಾಯಿಕೊರಕದ ಬಹುಪಾಲು ಹುಳು ಬೀಳುತ್ತದೆ, ಗಿಡಕ್ಕೆ ಪೆಟ್ಟಾಗುವುದಿಲ್ಲ ಎಂಬುದನ್ನು ವಿಜ್ಞಾನಿಗಳು ಬರೆದಿಟ್ಟರು. ಸರ್ಕಾರಗಳ ಮತ್ತು ದತ್ತಿ ಸಂಸ್ಥೆಗಳ ಹಣದಲ್ಲಿ ನಡೆಯುವ ಸಂಸ್ಥೆ ಅದು. ಹಾಗಿದ್ದುದರಿಂದಲೇ ಆ ಪರೀಕ್ಷೆ ನಡೆಯಿತು. ಗಿಡ ಜಾಡಿಸುವುದನ್ನು ಡಬ್ಬಿಯಲ್ಲಿ ತುಂಬಿ ಮಾರಲಾಗದು. ಅದರ ಬಗ್ಗೆ ಸಂಶೋಧನೆ ಮಾಡಿ ಎಂದು ಯಾವ ಕೀಟನಾಶಕ ಕಂಪನಿಯೂ ವಿಶ್ವವಿದ್ಯಾಲಯಕ್ಕೆ ಚೆಕ್ ಬರೆದುಕೊಡುವುದಿಲ್ಲ.

ವಿಶ್ವವಿದ್ಯಾಲಯದ ಸಂಶೋಧನೆಯ ಮೇಲೆ ವ್ಯಾಪಾರದ ಪ್ರಭಾವ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಲಂಚ ತಿಂದು ಸುಳ್ಳು ವರದಿ ಬರೆಯುವ ವಿಜ್ಞಾನಿ. ಅಂಥವರು ಇರಬಹುದು, ಆದರೆ ಅಪರೂಪ. ನನ್ನ ಚಿಂತೆ ಅವರದಲ್ಲ. ಪ್ರಾಮಾಣಿಕ ವಿಜ್ಞಾನಿ, ಸರಿಯಾದ ಲೆಕ್ಕ, ನಿಜವಾದ ಅಂಕಿ, ಎಲ್ಲವೂ ಇದ್ದು ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಮಾತ್ರ ಹೊರಗಿನವರು ತೀರ್ಮಾನಿಸಿದರೆ ಏನಾಗುತ್ತದೆ? ಬೀದರಿನಲ್ಲಿ ಕೂತು ಇದನ್ನು ಕೇಳಲು ನಮಗೆ ಬೇಕಾದಷ್ಟು ಕಾರಣಗಳಿವೆ.

ನಾನು ಕೂತು ಬರೆಯುತ್ತಿರುವ ಚಿದ್ರಿ ಬೀದರ್ ನಗರಕ್ಕೆ ಅಂಟಿಕೊಂಡ ಊರು. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಒಂದಲ್ಲ ಒಂದು ಸಂಶೋಧನೆಯ ಅಂಗಳ ಸಿಗುತ್ತದೆ. ನಂದಿನಗರದಲ್ಲಿ ಇಡೀ ರಾಜ್ಯಕ್ಕೆ ಒಂದೇ ಆಗಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಔರಾದ್ ಕಡೆ ಹೋಗುವ ಜನವಾಡ ರಸ್ತೆಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ 2023ರಲ್ಲಿ ಶುರುವಾದ ಬೀದರ್ ವಿಶ್ವವಿದ್ಯಾಲಯ, ಅದೇ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ದೇವಣಿ ದನಗಳ ಸಂಶೋಧನಾ ಕೇಂದ್ರ. ಹಿಂದುಳಿದ ಜಿಲ್ಲೆ ಎಂದು ಕರೆಸಿಕೊಂಡ ಊರಿಗೆ ಇದು ಸಣ್ಣ ಆಸ್ತಿಯಲ್ಲ.

ಇಂಥ ಸಾರ್ವಜನಿಕ ಸಂಶೋಧನೆ ಏನು ಕೊಟ್ಟಿದೆ ಎಂದು ತಿಳಿಯಬೇಕಾದರೆ ಮಳೆಗಾಲದಲ್ಲಿ ಔರಾದ್, ಭಾಲ್ಕಿಯ ಹೊಲಗಳನ್ನು ನೋಡಬೇಕು. ಕಣ್ಣು ಹಾಯುವವರೆಗೆ ಸೋಯಾ. ದಶಕಗಳ ಕಾಲ ಇಲ್ಲಿ ಬಿತ್ತಿದ ಜೆಎಸ್ 335 ತಳಿ ಜಬಲ್ಪುರದ ಸರ್ಕಾರಿ ಕೃಷಿ ವಿಶ್ವವಿದ್ಯಾಲಯದ್ದು. ತುಕ್ಕು ರೋಗ ತಡೆಯುವ ಡಿಎಸ್ಬಿ 21 ಧಾರವಾಡದ್ದು. ಗೊಡ್ಡು ರೋಗಕ್ಕೆ ಜಗ್ಗದ ಬಿಎಸ್ಎಂಆರ್ 736 ತೊಗರಿ ಬಂದದ್ದು ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಬದ್ನಾಪುರ ಸಂಶೋಧನಾ ಕೇಂದ್ರದಿಂದ. ಇವೆಲ್ಲ ರೈತ ಒಮ್ಮೆ ತಂದರೆ ಮನೆಯಲ್ಲೇ ಕಾದಿಟ್ಟು ಮರುವರ್ಷ ಬಿತ್ತಬಹುದಾದ ಬೀಜಗಳು. ಹಾಗೆ ಕಾದಿಡುವ, ಹಂಚಿಕೊಳ್ಳುವ, ಬ್ರಾಂಡಿನ ಹೆಸರು ಹಚ್ಚದೆ ಮಾರುವ ಹಕ್ಕನ್ನು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆ ರೈತರಿಗೆ ಕೊಟ್ಟಿದೆ. ಪ್ರತಿ ವರ್ಷ ಹೊಸದಾಗಿ ಮಾರಲಾಗದ ಬೀಜದ ಮೇಲೆ ಕಂಪನಿಗಳಿಗೆ ಆಸ್ಥೆ ಕಡಿಮೆ. ಹತ್ತಿ, ಮೆಕ್ಕೆಜೋಳ, ತರಕಾರಿ ಎಂದರೆ ಅವು ಮುಂದೆ, ಉದ್ದು ತೊಗರಿ ಎಂದರೆ ಹಿಂದೆ. ಹೀಗಾಗಿ ಈ ಜಿಲ್ಲೆಯ ಒಕ್ಕಲುತನ ಸಾರ್ವಜನಿಕ ಸಂಶೋಧನೆಯ ಮೇಲೆ ಬೇರೆಯವರಿಗಿಂತ ಹೆಚ್ಚು ನಿಂತಿದೆ. ಆ ಸಂಶೋಧನೆಯ ದಾರಿ ಎತ್ತ ತಿರುಗುತ್ತದೆ ಎಂಬುದು ನಮಗೆ ಹೊಟ್ಟೆಪಾಡಿನ ವಿಷಯ.

ದಾರಿ ತಿರುಗುವುದು ಹೇಗೆ? ಪ್ರಯೋಗದ ಹೊಲಕ್ಕೇ ಇಳಿದು ನೋಡೋಣ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಹೊಸ ಔಷಧ ನೋಂದಣಿಯಾಗಬೇಕಾದರೆ ಅದು ಕೆಲಸ ಮಾಡುತ್ತದೆ ಎಂಬ ಪುರಾವೆ ಕೊಡಬೇಕು. ಆ ಪುರಾವೆ ಸಿದ್ಧವಾಗುವುದು ಹೆಚ್ಚಾಗಿ ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಸಂಸ್ಥೆಗಳಲ್ಲಿ. ಕಂಪನಿ ಶುಲ್ಕ ಕಟ್ಟುತ್ತದೆ, ವಿಶ್ವವಿದ್ಯಾಲಯ ಹೊಲ ಕೊಡುತ್ತದೆ. ಹೊಲವನ್ನು ಚೌಕ ಚೌಕವಾಗಿ ಹರಿದು ಪ್ರತಿಯೊಂದಕ್ಕೂ ಟಿ1, ಟಿ2, ಟಿ3 ಎಂದು ಹಲಗೆ ನೆಡುತ್ತಾರೆ. ಒಂದರಲ್ಲಿ ಹೊಸ ಔಷಧ ಕಡಿಮೆ ಪ್ರಮಾಣದಲ್ಲಿ, ಮತ್ತೊಂದರಲ್ಲಿ ಹೆಚ್ಚು ಪ್ರಮಾಣದಲ್ಲಿ, ಇನ್ನೊಂದರಲ್ಲಿ ಈಗಾಗಲೇ ಮಾರುಕಟ್ಟೆಯಲ್ಲಿರುವ ಹಳೆಯ ಔಷಧ, ಕೊನೆಗೆ ಏನೂ ಸಿಂಪಡಿಸದ ಒಂದು ಚೌಕ. ಇಷ್ಟನ್ನೂ ಮೂರು ನಾಲ್ಕು ಸಲ ಬೇರೆ ಬೇರೆ ಜಾಗದಲ್ಲಿ ಮಾಡಿ, ಸಿಂಪಡಣೆಗೆ ಮುಂಚೆ ಮತ್ತು ನಂತರ ಇಂತಿಷ್ಟು ದಿನಕ್ಕೊಮ್ಮೆ ಗಿಡ ಮುಟ್ಟಿ ಹುಳು ಎಣಿಸುತ್ತಾರೆ. ಕೆಲಸ ಶಿಸ್ತಿನದು. ಬಿಸಿಲಿನಲ್ಲಿ ಬಗ್ಗಿ ಎಣಿಸುವ ವಿದ್ಯಾರ್ಥಿ ಮೋಸ ಮಾಡುತ್ತಿಲ್ಲ.

ಆದರೂ ಈ ಲೆಕ್ಕದಲ್ಲಿ ಕಂಪನಿಯ ಕೈ ಆಡಲು ಬೇಕಾದಷ್ಟು ಸಂದುಗಳಿವೆ. ಹೋಲಿಕೆಗೆ ಇಡುವ ಹಳೆಯ ಔಷಧ ಯಾವುದು? ಹುಳುಗಳು ಈಗಾಗಲೇ ಅರಗಿಸಿಕೊಂಡ ಔಷಧವನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಹೊಸದು ಗೆಲ್ಲುವುದು ಖಂಡಿತ. ಎಣಿಕೆ ಮೂರನೇ ದಿನದ್ದೇ ಮುಖ್ಯವೋ ಹದಿನಾಲ್ಕನೇ ದಿನದ್ದೋ? ಹುಳು ತಿನ್ನುವ ಗುಲಗಂಜಿ ಹುಳ, ಜೇಡ, ಪರತಂತ್ರ ಜೀವಿಗಳು ಸತ್ತವೋ ಇದ್ದವೋ ಎಂದೂ ಎಣಿಸಿದರೇ? ಬೇವಿನ ಕಷಾಯದ ಚೌಕ ಯಾಕಿಲ್ಲ, ಹುಳುವಿಗೆ ನಂಜುರೋಗ ತರುವ ಎನ್‌ಪಿವಿ ದ್ರಾವಣದ ಚೌಕ ಯಾಕಿಲ್ಲ, ಹಕ್ಕಿ ಕೂರುವ ಗೂಟ ನೆಟ್ಟ ಚೌಕ ಯಾಕಿಲ್ಲ, ಗಿಡ ಜಾಡಿಸುವ ಚೌಕ ಯಾಕಿಲ್ಲ? ಶುಲ್ಕ ಕಟ್ಟಿದವರು ಕೇಳಲಿಲ್ಲ, ಅದಕ್ಕೆ ಇಲ್ಲ. ಪ್ರಯೋಗ ಮುಗಿದ ಮೇಲೆ ಫಲಿತಾಂಶ ಯಾರ ಸ್ವತ್ತು ಎಂಬುದು ಒಪ್ಪಂದದಲ್ಲಿ ಬರೆದಂತೆ. ಕಂಪನಿಯದೆಂದು ಬರೆದಿದ್ದರೆ, ನಾಲ್ಕು ಕೇಂದ್ರಗಳಲ್ಲಿ ಮಾಡಿಸಿದ ಪ್ರಯೋಗದಲ್ಲಿ ಒಂದು ಕಡೆ ಔಷಧ ಸೋತಿದ್ದು ಹೊರಗಿನವರಿಗೆ ಗೊತ್ತಾಗುವ ದಾರಿಯೇ ಇರುವುದಿಲ್ಲ. ಗೆದ್ದ ಪ್ರಯೋಗ ಮುಂದೆ ವಿಶ್ವವಿದ್ಯಾಲಯದ ಶಿಫಾರಸಾಗುತ್ತದೆ, ಸುಧಾರಿತ ಬೇಸಾಯ ಕ್ರಮಗಳ ಪುಸ್ತಕದಲ್ಲಿ ಅಚ್ಚಾಗುತ್ತದೆ, ಕೃಷಿ ಮೇಳದ ಮಳಿಗೆಯಲ್ಲಿ ಬ್ಯಾನರ್ ಆಗುತ್ತದೆ, ಅಂಗಡಿಯವನ ಬಾಯಲ್ಲಿ 'ಯೂನಿವರ್ಸಿಟಿಯವರೇ ಹೇಳ್ಯಾರ' ಎಂಬ ಮಾತಾಗುತ್ತದೆ. ಆ ಮಾತಿಗೆ ರೈತ ದುಡ್ಡು ಬಿಚ್ಚುತ್ತಾನೆ. ಕಂಪನಿ ಶುಲ್ಕ ಕಟ್ಟಿ ಕೊಂಡದ್ದು ಹೊಲದ ಬಾಡಿಗೆಯ ಜೊತೆಗೆ ಈ ನಂಬಿಕೆಯನ್ನೂ.

ಇನ್ನು ನಮ್ಮ ರಾಜ್ಯದಲ್ಲೇ ನಡೆದ ದೊಡ್ಡ ಪ್ರಕರಣಕ್ಕೆ ಬರುತ್ತೇನೆ. 2005ರ ಏಪ್ರಿಲ್‌ನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಜಾಲ್ನಾದ ಮಹಿಕೊ ಬೀಜ ಕಂಪನಿ ಮತ್ತು ಹೈದರಾಬಾದಿನ ಸತ್ಗುರು ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ಸ್ ಜೊತೆ ಬಿಟಿ ಬದನೆಯ ಒಪ್ಪಂದಕ್ಕೆ ಸಹಿ ಹಾಕಿತು. ಮಹಿಕೊದಲ್ಲಿ ಅಮೆರಿಕದ ಮಾನ್ಸಾಂಟೊಗೆ ಶೇ 26ರಷ್ಟು ಪಾಲಿತ್ತು. ಯೋಜನೆಯ ಹಣ ಅಮೆರಿಕ ಸರ್ಕಾರದ ನೆರವಿನ ಸಂಸ್ಥೆ ಯುಎಸ್‌ಏಡ್‌ನದು, ಉಸ್ತುವಾರಿ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಆಗ ರಾಯಚೂರು ವಿಶ್ವವಿದ್ಯಾಲಯ ಇನ್ನೂ ಹುಟ್ಟಿರಲಿಲ್ಲ, ಬೀದರಿನ ಕೃಷಿ ಸಂಶೋಧನೆಯೂ ಧಾರವಾಡದ ಕೈಕೆಳಗೇ ಇತ್ತು. ಸಹಿ ಹಾಕಿದ ವಿಶ್ವವಿದ್ಯಾಲಯ ನಮ್ಮದೂ ಆಗಿತ್ತು ಎಂಬುದನ್ನು ಇಲ್ಲಿನವರು ಮರೆಯುವಂತಿಲ್ಲ.

ಒಪ್ಪಂದದ ಒಳಗಿನ ಲೆಕ್ಕಾಚಾರ ಹೀಗಿತ್ತು. ಕಾಯಿ ಮತ್ತು ಕುಡಿ ಕೊರಕ ಹುಳುವನ್ನು ಕೊಲ್ಲುವ ವಂಶವಾಹಿ ಕಂಪನಿಯದು. ಅದನ್ನು ಸೇರಿಸಲು ಬೇಕಾದ ಬದನೆ ತಳಿಗಳು ಇಲ್ಲಿಯವು. ಮಲಾಪುರ, ಕುಡಚಿ, ಉಡುಪಿಯ ಸ್ಥಳೀಯ ಬದನೆಗಳೂ ಸೇರಿ ಆರು ತಳಿಗಳು ಧಾರವಾಡದ ಪಾಲಿಗೆ ಬಂದವು. ಹೈಬ್ರಿಡ್ ಬೀಜ ಮಾರುವುದು ಕಂಪನಿಗೆ, ರೈತ ಕಾದಿಡಬಹುದಾದ ಬೀಜವನ್ನು ಕಡಿಮೆ ಬೆಲೆಗೆ ಹಂಚುವುದು ವಿಶ್ವವಿದ್ಯಾಲಯಕ್ಕೆ. ವಿಶ್ವವಿದ್ಯಾಲಯದವರು ತಮ್ಮ ಪರ ವಾದ ಮಾಡುವಾಗ ಇದನ್ನೇ ಮುಂದಿಟ್ಟರು: ಬಡ ರೈತನಿಗೂ ಹೊಸ ತಂತ್ರಜ್ಞಾನ ಸಿಗಲಿ ಎಂದೇ ನಾವು ಕೈಜೋಡಿಸಿದ್ದು ಎಂದು. ಈ ವಾದವನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. ಬದನೆಗೆ ವಾರಕ್ಕೆರಡು ಸಲ ಔಷಧ ಹೊಡೆಯುವ ರೈತರನ್ನು ಕಂಡವರಿಗೆ ಹುಳು ಹತ್ತದ ಬದನೆಯ ಆಸೆ ಅರ್ಥವಾಗುತ್ತದೆ. ಬಾಂಗ್ಲಾದೇಶ 2013ರಲ್ಲಿ ಇದೇ ಯೋಜನೆಯಿಂದ ಬಂದ ಬದನೆಗೆ ಒಪ್ಪಿಗೆ ಕೊಟ್ಟು ಬೆಳೆಯುತ್ತಿದೆ ಕೂಡ.

ನನ್ನ ತಕರಾರು ಇರುವುದು ಬೇರೆ ಕಡೆ. ಮಲಾಪುರದ ಬದನೆ, ಕುಡಚಿಯ ಬದನೆ ಯಾರದು? ತಲೆಮಾರುಗಳಿಂದ ಅದನ್ನು ಆರಿಸಿ, ಬೀಜ ಹಿಡಿದು, ಬೂದಿಯಲ್ಲಿ ಉಜ್ಜಿ ಕಾದಿಟ್ಟ ಹೆಣ್ಣುಮಕ್ಕಳದು, ಆ ಊರುಗಳದು. 2002ರ ಜೀವವೈವಿಧ್ಯ ಕಾಯ್ದೆ ಬಂದದ್ದೇ ಇದಕ್ಕಾಗಿ. ಆಗಿನ ನಿಯಮದ ಪ್ರಕಾರ ವಿದೇಶಿ ಪಾಲಿರುವ ಕಂಪನಿ ಇಲ್ಲಿನ ತಳಿ ಮುಟ್ಟಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕಿತ್ತು, ಪ್ರಾಧಿಕಾರ ಸ್ಥಳೀಯ ಸಮಿತಿಗಳನ್ನು ಕೇಳಬೇಕಿತ್ತು, ಲಾಭ ಬಂದರೆ ಪಾಲು ಕೊಡಬೇಕಿತ್ತು. ಅನುಮತಿ ಪಡೆದಿರಲಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರುವರಿಯಲ್ಲಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಸಂಶೋಧನಾ ಸಹಯೋಗಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ ಎಂಬುದು ವಿಶ್ವವಿದ್ಯಾಲಯದ ಕಡೆಯ ಉತ್ತರವಾಗಿತ್ತು. 2011ರಲ್ಲಿ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿತು, 2012ರ ನವೆಂಬರ್‌ನಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು ದಾಖಲಾಯಿತು. ಕಂಪನಿಯವರ ಜೊತೆ ವಿಶ್ವವಿದ್ಯಾಲಯದ ಉನ್ನತ ಹುದ್ದೆಗಳಲ್ಲಿದ್ದವರ ಹೆಸರುಗಳೂ ಅದರಲ್ಲಿದ್ದವು. ಪ್ರಕರಣ ರದ್ದು ಮಾಡಲು 2013ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಒಪ್ಪಲಿಲ್ಲ, ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇದು ಆರೋಪವೇ ಹೊರತು ಅಪರಾಧ ಸಾಬೀತಾದ ತೀರ್ಪಲ್ಲ. ಆದರೆ ರೈತರ ಮಕ್ಕಳಿಗಾಗಿ ಕಟ್ಟಿದ ವಿಶ್ವವಿದ್ಯಾಲಯವೊಂದು ರೈತರ ಬೀಜದ ವಿಷಯದಲ್ಲಿ ಕಟಕಟೆಯವರೆಗೆ ಬಂದದ್ದು ದೇಶದಲ್ಲೇ ದೊಡ್ಡ ಸುದ್ದಿಯಾಯಿತು.

ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು ಜೈಲುಶಿಕ್ಷೆಯೇ ಹೋಗಿ, ದಂಡ ಮಾತ್ರ ಉಳಿದಿದೆ. ಇನ್ನು ಮುಂದೆ ಇಂಥ ಉಲ್ಲಂಘನೆಗೆ ಯಾರೂ ಕ್ರಿಮಿನಲ್ ಕಟಕಟೆಗೆ ಹೋಗಬೇಕಾಗಿಲ್ಲ. ದೊಡ್ಡ ಕಂಪನಿಗೆ ದಂಡವೆಂದರೆ ಖರ್ಚಿನ ಇನ್ನೊಂದು ಬಾಬ್ತು. ಈ ತಿದ್ದುಪಡಿಯನ್ನು ನಾನು ಒಪ್ಪಲಾರೆ.

ಬದನೆಯ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು ಸಂಗತಿ. ತಿನ್ನುವ ಕಾಯಿಯ ಸುರಕ್ಷತೆಯ ಪರೀಕ್ಷೆಗಳ ವಿವರ ಕೊಡಿ ಎಂದು 2006ರಲ್ಲಿ ಮಾಹಿತಿ ಹಕ್ಕಿನಡಿ ಅರ್ಜಿ ಹೋಯಿತು. ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ವ್ಯಾಪಾರದ ಗುಟ್ಟು ಎಂದು ನಿರಾಕರಿಸಿತು. ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದ ಮೇಲೂ ಎಳೆದಾಟ ನಡೆಯಿತು. ಸುಪ್ರೀಂ ಕೋರ್ಟು ನಡುವೆ ಬಂದ ಮೇಲೆ 2008ರಲ್ಲಿ ದಾಖಲೆ ಹೊರಗೆ ಬಂತು. ಹೊರಗೆ ಬಂದ ಮೇಲಷ್ಟೇ ಬೇರೆ ವಿಜ್ಞಾನಿಗಳು ಅದನ್ನು ಓದಿ, ಪ್ರಯೋಗದ ಅವಧಿ ಸಾಲದು, ಇಲಿಗಳ ರಕ್ತದ ಲೆಕ್ಕದಲ್ಲಿ ಹೆಚ್ಚುಕಡಿಮೆ ಇದೆ ಎಂದೆಲ್ಲ ಪ್ರಶ್ನೆ ಎತ್ತಲು ಸಾಧ್ಯವಾಯಿತು. ಆ ಪ್ರಶ್ನೆಗಳಲ್ಲಿ ಕೆಲವು ಸರಿಯಿರಲಿಕ್ಕಿಲ್ಲ. ಇರಲಿ, ತಪ್ಪು ಪ್ರಶ್ನೆಗೂ ಉತ್ತರ ಕೊಟ್ಟೇ ವಿಜ್ಞಾನ ಗಟ್ಟಿಯಾಗುವುದು. 2009ರ ಅಕ್ಟೋಬರ್‌ನಲ್ಲಿ ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿ ಬದನೆಗೆ ಹಸಿರು ನಿಶಾನೆ ತೋರಿತು. ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, 2010ರ ಫೆಬ್ರುವರಿ 9ರಂದು ಅದಕ್ಕೆ ತಡೆ ಹಾಕಿದರು. ಸ್ವತಂತ್ರ ಪರೀಕ್ಷೆಗಳ ಕೊರತೆ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಕಂಪನಿಯೇ ಮಾಡಿಸಿದ ಪರೀಕ್ಷೆಯನ್ನು ನಂಬಿ ಊಟದ ತಟ್ಟೆಗೆ ಬಡಿಸಲಾರೆ ಎಂಬುದು ಅದರ ತಾತ್ಪರ್ಯ.

ಹಾಗಾದರೆ ಕಂಪನಿಯನ್ನು ದೂರವಿಟ್ಟು ಸರ್ಕಾರಿ ಸಂಸ್ಥೆಗಳೇ ಎಲ್ಲ ಮಾಡಿದರೆ ಸರಿಹೋಗುತ್ತದೆಯೇ? ಅದನ್ನೂ ಧಾರವಾಡವೇ ತೋರಿಸಿದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡ ವಿಶ್ವವಿದ್ಯಾಲಯವೂ ಸೇರಿ ಬಿಕಾನೇರಿ ನರ್ಮಾ ಎಂಬ ಬಿಟಿ ಹತ್ತಿ ತಂದವು. ಸಾರ್ವಜನಿಕ ಹಣದ ಮೊದಲ ಬಿಟಿ ಹತ್ತಿ, ರೈತ ಬೀಜ ಕಾದಿಡಬಹುದಾದ ಹತ್ತಿ. ಕಂಪನಿಗಳ ಹಿಡಿತಕ್ಕೆ ಸರ್ಕಾರದ ಉತ್ತರ ಎಂದೇ ಎಲ್ಲರೂ ನಂಬಿದ್ದರು. ಮಾರುಕಟ್ಟೆಗೆ ಬಂದ ವರ್ಷವೇ, 2009ರಲ್ಲಿ, ಅದರಲ್ಲಿ ಮಾನ್ಸಾಂಟೊದ ಮಾನ್ 531 ವಂಶವಾಹಿ ಬೆರೆತಿರುವುದು ಕಂಡು ಮಾರಾಟ ನಿಂತಿತು. ಇದರ ತನಿಖೆಗೆ ನೇಮಿಸಿದ ಸುಧೀರ್ ಸೋಪೋರಿ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಸರ್ಕಾರಿ ಪ್ರಯೋಗಾಲಯದ ಬಾಗಿಲೂ ಮುಚ್ಚಿತ್ತು, ಒಳಗೆ ನಡೆದದ್ದನ್ನು ಹೊರಗಿನವರು ಸಕಾಲಕ್ಕೆ ಪರೀಕ್ಷಿಸಲಿಲ್ಲ. ಸಾರ್ವಜನಿಕ ಸಂಶೋಧನೆಯ ಮೇಲೆ ಭರವಸೆ ಇಟ್ಟವರಿಗೆ ಇದಕ್ಕಿಂತ ನೋವಿನ ಪ್ರಸಂಗ ಇಲ್ಲ.

ಕಂಪನಿಗಳ ಹಣವೇ ಮೈಲಿಗೆ ಎಂಬ ನಿಲುವು ನನ್ನದಲ್ಲ. ಬೀದರಿನವರು ಹಾಗೆ ಹೇಳಲೂ ಬಾರದು. 1472ರಲ್ಲಿ ಇಲ್ಲಿ ದೊಡ್ಡ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಕ್ಕೆಂದು ಬಂದವನು, ವರ್ತಕರ ಒಡೆಯ ಎಂಬರ್ಥದ ಮಲಿಕ್ ಉತ್ ತುಜ್ಜಾರ್ ಬಿರುದು ಹೊತ್ತವನು. ಇತ್ತೀಚಿನ ಉದಾಹರಣೆಯೂ ಇದೆ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳು ಸಾಯತೊಡಗಿದಾಗ ನಮ್ಮಲ್ಲಿದ್ದದ್ದು ಮೇಕೆ ಸಿಡುಬಿನ ಲಸಿಕೆ ಮಾತ್ರ. ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವೂ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಐವಿಆರ್‌ಐಯೂ ಈ ರೋಗಕ್ಕೆಂದೇ ಲಸಿಕೆ ಸಿದ್ಧ ಮಾಡಿದವು. ಆದರೆ ಕೋಟಿಗಟ್ಟಲೆ ಡೋಸ್ ತಯಾರಿಸುವುದು ಪ್ರಯೋಗಾಲಯದಿಂದ ಆಗುವ ಕೆಲಸವಲ್ಲ. ಲಸಿಕೆಯ ತಂತ್ರಜ್ಞಾನ ಕಂಪನಿಗಳ ಕೈಗೆ ಹೋಯಿತು, ಮಾಲೂರಿನ ಬಯೋವೆಟ್ ಕಂಪನಿಯ ಲಸಿಕೆಗೆ 2025ರ ಫೆಬ್ರುವರಿಯಲ್ಲಿ ಪರವಾನಗಿ ಸಿಕ್ಕಿತು. ಇಲ್ಲಿ ಪ್ರಶ್ನೆ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ಉತ್ತರ ಸಿಕ್ಕಿದ್ದು ಸಾರ್ವಜನಿಕ ಪ್ರಯೋಗಾಲಯದಲ್ಲಿ, ಕಂಪನಿ ಬಂದದ್ದು ತಯಾರಿಕೆಗೆ. ಈ ಕ್ರಮ ನನಗೆ ಸರಿ ಕಾಣುತ್ತದೆ. ಇಲ್ಲೂ ಎಚ್ಚರ ಬೇಕು, ಯಾಕೆಂದರೆ ತಂತ್ರಜ್ಞಾನ ಮಾರಿ ಬಂದ ಹಣದಲ್ಲಿ ಸಂಸ್ಥೆಗೂ ವಿಜ್ಞಾನಿಗೂ ಪಾಲು ಸಿಗುವ ನಿಯಮ ಐಸಿಎಆರ್‌ನಲ್ಲಿದೆ. ಪಾಲು ಪಡೆಯುವವರೇ ಆ ಲಸಿಕೆ ಎಷ್ಟು ಒಳ್ಳೆಯದೆಂದು ತೀರ್ಪು ಕೊಡುವ ಪ್ರಸಂಗ ಬರಬಾರದು.

ಮುಂದಿನ ದಿನಗಳಲ್ಲಿ ಖಾಸಗಿ ಹಣ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದರು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕೆಂಬುದು ಎಣಿಕೆ. ಅದೇ 2023ರಲ್ಲಿ ಐಸಿಎಆರ್ ಅಮೆಜಾನ್ ಜೊತೆ, ಬೇಯರ್ ಜೊತೆ ಒಡಂಬಡಿಕೆಗೆ ಸಹಿ ಹಾಕಿತು. ಮಾನ್ಸಾಂಟೊವನ್ನು 2018ರಲ್ಲಿ ಕೊಂಡುಕೊಂಡದ್ದು ಇದೇ ಬೇಯರ್. ರೈತ ಸಂಘಟನೆಗಳು ಪ್ರತಿಭಟಿಸಿದವು. ರಾಜ್ಯದಲ್ಲಿ ನೋಡಿದರೆ, ಹಣವಿಲ್ಲವೆಂಬ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯವರೆಗೆ ಬಂತು. ಬೀದರ್ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ಸಮಾಧಾನಪಡಬಹುದು, ನಿಶ್ಚಿಂತೆಯಾಗಿರುವಂತಿಲ್ಲ. ಸಂಬಳಕ್ಕೂ ಪ್ರಯೋಗಾಲಯದ ಕರೆಂಟ್ ಬಿಲ್ಲಿಗೂ ಒದ್ದಾಡುವ ಸಂಸ್ಥೆಯ ಮುಂದೆ ಕಂಪನಿಯೊಂದು ಬಂದು ನಿಂತರೆ, ಒಪ್ಪಂದದ ಕರಾರು ಓದುವ ತಾಳ್ಮೆ ಆ ಸಂಸ್ಥೆಗೆ ಎಷ್ಟಿದ್ದೀತು? ಹಸಿದವನ ಚೌಕಾಸಿ ಇದು.

ಹಸಿಯದವರೂ ಎಡವಿದ್ದಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಸ್ಯ ವಿಜ್ಞಾನ ವಿಭಾಗಕ್ಕೆ 1998ರಲ್ಲಿ ನೋವಾರ್ಟಿಸ್ ಕಂಪನಿ ಐದು ವರ್ಷಕ್ಕೆ 2.5 ಕೋಟಿ ಡಾಲರ್ ಕೊಟ್ಟಿತು. ಯಾವ ಸಂಶೋಧನೆಗೆ ಹಣ ಎಂದು ತೀರ್ಮಾನಿಸುವ ಐವರ ಸಮಿತಿಯಲ್ಲಿ ಇಬ್ಬರು ಕಂಪನಿಯವರು. ಅಂಥ ಶ್ರೀಮಂತ ವಿಶ್ವವಿದ್ಯಾಲಯದಲ್ಲೂ ಅಧ್ಯಾಪಕರು ಎರಡು ಪಾಳಯವಾದರು. ಕಬ್ಬಿನ ಜಿಲ್ಲೆಯವರಾದ ನಾವು ಇನ್ನೊಂದು ಪ್ರಸಂಗ ತಿಳಿದಿರಬೇಕು. 1967ರಲ್ಲಿ ಹಾರ್ವರ್ಡಿನ ಹೆಸರಾಂತ ತಜ್ಞರು ಹೃದಯರೋಗದ ಬಗ್ಗೆ ಪ್ರಬಂಧ ಬರೆದು ಕೊಬ್ಬಿನ ಮೇಲೆ ತಪ್ಪು ಹೊರಿಸಿದರು, ಸಕ್ಕರೆಯ ಪಾತ್ರವನ್ನು ಹಗುರ ಮಾಡಿದರು. ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆ ಅದಕ್ಕೆ 6,500 ಡಾಲರ್ ಕೊಟ್ಟಿತ್ತು. ಹಣದ ಮೂಲವನ್ನು ಪ್ರಬಂಧದಲ್ಲಿ ಹೇಳಿರಲಿಲ್ಲ. ಹಳೆಯ ಪತ್ರಗಳನ್ನು ಕೆದಕಿ ಸಂಶೋಧಕರು ಇದನ್ನು ಬಯಲಿಗೆ ತಂದದ್ದು 2016ರಲ್ಲಿ, ಬರೋಬ್ಬರಿ 49 ವರ್ಷಗಳ ನಂತರ. ಅಷ್ಟರಲ್ಲಿ ಎರಡು ತಲೆಮಾರು ಆ ಸಲಹೆಯನ್ನು ನಂಬಿ ಊಟ ಮಾಡಿತ್ತು.

ಕೇಳದೆ ಬಿಟ್ಟ ಪ್ರಶ್ನೆಗಳಿಗೆ ಮರಳುತ್ತೇನೆ. ಪಶುವೈದ್ಯಕೀಯದಲ್ಲೇ ಇದಕ್ಕೆ ಕಣ್ಣು ತೆರೆಸುವ ಉದಾಹರಣೆ ಇದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಚುಚ್ಚುಮದ್ದಿನಿಂದ ರಣಹದ್ದುಗಳು ಸಾಯುತ್ತಿವೆ ಎಂದು 2004ರಲ್ಲಿ ಗೊತ್ತಾಯಿತು. ಸತ್ತ ದನದ ಮಾಂಸ ತಿಂದ ಹಕ್ಕಿಗಳ ಮೂತ್ರಪಿಂಡ ಕೆಟ್ಟು, ಉಪಖಂಡದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಷ್ಟರಲ್ಲಿ ಹೋಗಿದ್ದವು. ಔಷಧ ಮಾರುವಾಗ ರಣಹದ್ದಿನ ಮೇಲೆ ಪರೀಕ್ಷೆ ಮಾಡಿ ಎಂದು ಯಾರೂ ಕೇಳಿರಲಿಲ್ಲ, ಯಾಕೆಂದರೆ ರಣಹದ್ದು ಯಾರ ಗಿರಾಕಿಯೂ ಅಲ್ಲ. ಪತ್ತೆ ಮಾಡಿದ್ದು ಲಾಭದ ಉದ್ದೇಶವಿಲ್ಲದ ಪಕ್ಷಿ ಸಂರಕ್ಷಣಾ ಸಂಸ್ಥೆಯೊಂದರ ಹಣದಲ್ಲಿ ದುಡಿದ ವಿಜ್ಞಾನಿಗಳು. ಬದಲಿ ಔಷಧ ಮೆಲಾಕ್ಸಿಕ್ಯಾಮ್ ಹಕ್ಕಿಗಳಿಗೆ ಸುರಕ್ಷಿತ ಎಂದು ತೋರಿಸುವುದರಲ್ಲಿ ನಮ್ಮ ಐವಿಆರ್‌ಐಯ ಪಾಲೂ ಇತ್ತು.

ಬೀದರಿನಲ್ಲಿ ಇಂಥ ಗಿರಾಕಿಯಿಲ್ಲದ ಪ್ರಶ್ನೆಗಳು ಎಷ್ಟಿವೆ! ಉಳುಮೆಗೂ ಹಾಲಿಗೂ ಒದಗುವ ದೇವಣಿ ದನ ಒಣಮೇವು ತಿಂದು, ಬಿಸಿಲು ತಡೆದು ಬದುಕುತ್ತದೆ. ಅದಕ್ಕೆ ಯಾವ ಮೇವು ಹೊಂದುತ್ತದೆ, ಯಾವ ರೋಗ ತಡೆಯುವ ಶಕ್ತಿ ಅದರಲ್ಲಿದೆ ಎಂದು ಹುಡುಕಿದರೆ ಪಶು ಆಹಾರದ ಚೀಲ ಹೆಚ್ಚು ಮಾರಾಟವಾಗುವುದಿಲ್ಲ. ಕೋಳಾರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳಿವೆ. ಸುತ್ತಲ ಹಳ್ಳಿಯವರು ದುರ್ವಾಸನೆ, ಕೆಟ್ಟ ನೀರು ಎಂದು ವರ್ಷಗಳಿಂದ ದೂರುತ್ತಿದ್ದಾರೆ. ಆ ಬಾವಿಗಳ ನೀರನ್ನು ಪ್ರತಿ ಹಂಗಾಮಿಗೂ ತಂದು ಪರೀಕ್ಷಿಸಿ, ಹತ್ತು ವರ್ಷದ ಲೆಕ್ಕ ಕಟ್ಟುವ ಕೆಲಸಕ್ಕೆ ಜಿಲ್ಲೆಯ ವಿಶ್ವವಿದ್ಯಾಲಯಕ್ಕಿಂತ ತಕ್ಕ ಸಂಸ್ಥೆ ಯಾವುದು? ನಾಳೆ ಅದೇ ಘಟಕಗಳ ಪೈಕಿ ಒಂದು ಪ್ರಯೋಗಾಲಯ ಕಟ್ಟಿಸಿಕೊಡುತ್ತೇನೆಂದು ಬಂದರೆ, ಅದನ್ನು ಪಡೆದ ಮೇಲೆ ಆ ನೀರಿನ ಲೆಕ್ಕ ನಡೆದೀತೇ? ಯಾರೂ ಬೇಡವೆನ್ನಬೇಕಾಗಿಲ್ಲ. ಸಂಶೋಧಕನೇ ಬೇರೆ ವಿಷಯ ಆರಿಸಿಕೊಳ್ಳುತ್ತಾನೆ.

ಇದಕ್ಕೆಲ್ಲ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯಗಳು ತಮ್ಮ ವ್ಯವಹಾರದ ಮಾಹಿತಿಯನ್ನು ಯಾರೂ ಕೇಳುವ ಮುನ್ನವೇ ಪ್ರಕಟಿಸಬೇಕು. ಕಂಪನಿಗಳ ಜೊತೆಗಿನ ಒಡಂಬಡಿಕೆಗಳ ಪೂರ್ತಿ ಪಾಠ ಅದರಲ್ಲಿ ಸೇರಲಿ ಎಂಬುದು ನನ್ನ ಒತ್ತಾಯ. ಪ್ರಕಟಿಸದಿದ್ದರೆ ಹತ್ತು ರೂಪಾಯಿಯ ಅರ್ಜಿ ಸಾಕು, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ವ್ಯಾಪಾರದ ಗುಟ್ಟು ಎಂದು 8(1)(ಡಿ) ಕಲಮು ತೋರಿಸಿ ನಿರಾಕರಿಸಿದರೆ, ಹೆಚ್ಚಿನ ಸಾರ್ವಜನಿಕ ಹಿತವಿದ್ದಲ್ಲಿ ಕೊಡಬೇಕು ಎಂಬ ಮಾತು ಅದೇ ಕಲಮಿನಲ್ಲಿದೆ ಎಂದು ಮೇಲ್ಮನವಿಯಲ್ಲಿ ಬರೆಯಬಹುದು. ತಿನ್ನುವ ಅನ್ನದ, ಕುಡಿಯುವ ನೀರಿನ, ಕಟ್ಟಿದ ದನದ ವಿಷಯಕ್ಕಿಂತ ಹೆಚ್ಚಿನ ಸಾರ್ವಜನಿಕ ಹಿತ ಯಾವುದಿದ್ದೀತು?

ಅರ್ಜಿ ಬರೆಯಲು ಕೂತವರು ಒಪ್ಪಂದದ ಪ್ರತಿಯ ಜೊತೆ ಕೆಲವನ್ನು ಬಿಡದೆ ಕೇಳಬೇಕು. ಕಳೆದ ಐದು ವರ್ಷಗಳಲ್ಲಿ ಯಾವ ಕಂಪನಿಯ ಯಾವ ಬೀಜ, ಯಾವ ಔಷಧ, ಯಾವ ಪಶು ಆಹಾರದ ಪ್ರಯೋಗ ಯಾವ ಕೇಂದ್ರದಲ್ಲಿ ನಡೆಯಿತು, ಶುಲ್ಕ ಎಷ್ಟು ಬಂತು. ಫಲಿತಾಂಶ ಅಚ್ಚಿಗೆ ಕೊಡುವ ಮುನ್ನ ಕಂಪನಿಯ ಒಪ್ಪಿಗೆ ಬೇಕೆಂಬ ಕರಾರು ಇದೆಯೇ. ಮುಗಿದ ಪ್ರಯೋಗಗಳಲ್ಲಿ ಎಷ್ಟರ ವರದಿ ಹೊರಬಂದಿದೆ, ಎಷ್ಟರದು ಬಂದಿಲ್ಲ, ಬಾರದವುಗಳಲ್ಲಿ ಸೋತ ಔಷಧಗಳು ಯಾವುವು. ಪ್ರಯೋಗಕ್ಕೆ ಸ್ಥಳೀಯ ತಳಿ ಬಳಸಿದ್ದರೆ ಆ ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೇಳಿದ ದಾಖಲೆ ಎಲ್ಲಿ. ಔರಾದಿನಿಂದಾಗಲಿ ಭಾಲ್ಕಿಯಿಂದಾಗಲಿ ಹೊರಡುವ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಅಂಚೆಯಲ್ಲೂ ಕಳಿಸಬಹುದು. ಲಕೋಟೆಯ ಮೇಲೆ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂದು ಬರೆದು, ಕೆಳಗೆ ವಿಶ್ವವಿದ್ಯಾಲಯದ ಹೆಸರು ಹಾಕಿದರಾಯಿತು.